ಒಂದೇ ಕೈಚೀಲದಲ್ಲಿ ಕಡಲಿಗೆ

ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು, ಕಾಲಿದ್ದವರು ಹಂಪಿಯನ್ನು ನೋಡಬೇಕು ಎಂಬ ಮಾತು ಗಂಗಾವತಿಯ ಸೀಮೆಯಲ್ಲಿ ಮಕ್ಕಳ ಬಾಯಲ್ಲಿಯೂ ಇದೆ. ಕನಕಾಚಲಪತಿಯ ದೇವಾಲಯದ ಶಿಲ್ಪವನ್ನು ಕಣ್ಣಿನಿಂದ ಸವಿಯಬೇಕು, ಹಂಪಿಯ ಬಯಲನ್ನು ಕಾಲಿನಿಂದ ಅಳೆಯಬೇಕು ಎಂಬುದು ಅದರ ತಾತ್ಪರ್ಯ. ಆ ಗಾದೆಯಲ್ಲಿ ಕಡಲಿನ ಮಾತಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ಕನಕಗಿರಿಯ ನೆರೆಯ ನವಲಿಯಲ್ಲಿ ನಿಂತವನಿಗೆ ಕಾಣುವುದು ಬಂಡೆಗಳ ಗುಡ್ಡ, ಮಳೆಯನ್ನು ನಂಬಿದ ಹೊಲ, ತುಂಗಭದ್ರೆಯ ಎಡದಂಡೆಯ ನಾಲೆ ಮುಟ್ಟಿದಲ್ಲಿ ಹಸುರಾದ ಬತ್ತದ ಗದ್ದೆ. ಪಡುವಣ ಕಡಲು ಅಲ್ಲಿಂದ ದಾರಿಯ ಲೆಕ್ಕದಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ಸೀಮೆಯ ನೀರು ಕೂಡ ಪಡುವಣಕ್ಕೆ ಬೆನ್ನು ಹಾಕಿದೆ. ತುಂಗಭದ್ರೆಯು ಕೃಷ್ಣೆಯನ್ನು ಕೂಡಿ, ಮೂಡಲಿಗೆ ಹರಿದು, ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಆದುದರಿಂದ ಅಂಜನಾದ್ರಿಯ ಮೆಟ್ಟಿಲುಗಳನ್ನು ಹಲವು ಸಲ ಹತ್ತಿದ, ಹಂಪಿಯ ತೇರನ್ನು ಎಷ್ಟೋ ವರ್ಷ ನೋಡಿದ, ಆದರೆ ಸಮುದ್ರವನ್ನು ಒಮ್ಮೆಯೂ ಕಾಣದ ಹಿರಿಯರು ಈ ಕಡೆಯ ಮನೆಗಳಲ್ಲಿ ಇದ್ದರೆ ಅಚ್ಚರಿಯಲ್ಲ. ಮಕ್ಕಳು ಶಾಲೆಯ ಪ್ರವಾಸದಲ್ಲಿ ಕಡಲನ್ನು ಕಂಡು ಬಂದಿರುತ್ತಾರೆ. ಮಗ ಸೊಸೆಯರೂ ನೋಡಿರುತ್ತಾರೆ. ಅಜ್ಜಿ ಮಾತ್ರ ನೋಡಿರುವುದಿಲ್ಲ. ಕಾರಣವನ್ನು ಕೇಳಿದರೆ ಹಣದ ಮಾತಿಗಿಂತ ಮೊದಲು ಬರುವುದು ಸಾಮಾನಿನ ಮಾತು. ‘ಇಷ್ಟು ಗಂಟುಮೂಟೆಗಳ ನಡುವೆ ಅವರನ್ನು ಕೈಹಿಡಿದು ಹತ್ತಿಸಿ ಇಳಿಸುವವರು ಯಾರು?’ ಎಂಬುದೇ ಪ್ರಶ್ನೆ. ಈ ಪ್ರಶ್ನೆಗೆ ಒಂದು ಸರಳ ಉತ್ತರವುಂಟು. ಗಂಟುಮೂಟೆಗಳನ್ನು ಮನೆಯಲ್ಲಿ ಬಿಟ್ಟು, ಅಜ್ಜಿಯನ್ನು ಕರೆದುಕೊಂಡು ಹೋಗುವುದು.

ದಾರಿ ಹತ್ತಿರವಾಯಿತು

ನವಲಿಯ ಕಡೆಯಿಂದ ಹೋಗಲು ಅನುಕೂಲವಾದ ಬೆಚ್ಚನೆಯ ಕಡಲೂರು ಎಂದರೆ ಕಾರವಾರ. ಗುಂತಕಲ್ಲಿನ ಹತ್ತಿರದ ಗುತ್ತಿಯಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರಗಳ ಮೇಲೆ ಅಂಕೋಲೆಗೆ ಇಳಿಯುವ ಹೆದ್ದಾರಿಯು ಬಹಳ ಕಾಲ 63ನೆಯ ರಾಷ್ಟ್ರೀಯ ಹೆದ್ದಾರಿ ಎಂದು ಹೆಸರಾಗಿತ್ತು. ಈಗ ಅದರ ಅಂಕೆಗಳು ಬದಲಾಗಿವೆ, ದಾರಿ ಬದಲಾಗಿಲ್ಲ. ಬಯಲುಸೀಮೆಯನ್ನು ಕಡಲಿಗೆ ಕಟ್ಟಿದ ಹಗ್ಗದಂತೆ ಅದು ಇಂದಿಗೂ ಹಾಗೆಯೇ ಇದೆ.

ರೈಲಿನ ಅನುಕೂಲವು ಈಚಿನದು. ಗಿಣಿಗೇರಿಯಿಂದ ಮೆಹಬೂಬನಗರಕ್ಕೆ ಹೋಗಬೇಕಾದ ಹಳಿಯ ಮಾತು ಬಹು ವರ್ಷ ಬರಿಯ ಮಾತಾಗಿಯೇ ಇದ್ದು, ಕೊನೆಗೆ 2019ರಲ್ಲಿ ಗಂಗಾವತಿಗೆ ರೈಲುಗಾಡಿ ಬಂದಿತು. ಅನಂತರ ನವಲಿಗೆ ಸಮೀಪದ ಕಾರಟಗಿಗೂ, 2024ರಲ್ಲಿ ಸಿಂಧನೂರಿಗೂ ಅದು ಮುಂದುವರಿಯಿತು. ಹಿಂದೆ ಕೊಪ್ಪಳಕ್ಕೋ ಹೊಸಪೇಟೆಗೋ ಹೋಗಿ ಗಾಡಿ ಹಿಡಿಯುತ್ತಿದ್ದವರು ಈಗ ಮನೆಯ ಹತ್ತಿರದಲ್ಲಿಯೇ ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯಬಹುದು. ಹುಬ್ಬಳ್ಳಿಯಿಂದ ಅಂಕೋಲೆಗೆ ಹಳಿ ಹಾಕುವ ಯೋಜನೆ ದಶಕಗಳಷ್ಟು ಹಳೆಯದಾದರೂ ಅದು ಇನ್ನೂ ಘಟ್ಟವನ್ನು ಇಳಿದಿಲ್ಲ. ಆದ್ದರಿಂದ ಅಲ್ಲಿಂದ ಮುಂದೆ ಬಸ್ಸೇ ಗತಿ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಮತ್ತು ವೇಗದೂತ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಗುರುತಿನ ಚೀಟಿಯೊಂದಿದ್ದರೆ ಸಾಕು.

ಹೀಗೆ ದಾರಿಯೂ ಹತ್ತಿರವಾಯಿತು, ಖರ್ಚೂ ಕಡಿಮೆಯಾಯಿತು. ಆದರೆ ಈ ಪ್ರಯಾಣದಲ್ಲಿ ಏರಿಳಿತ ಬಹಳ. ಊರಿನಿಂದ ನಿಲ್ದಾಣಕ್ಕೆ ಒಂದು ವಾಹನ, ಅಲ್ಲಿಂದ ರೈಲು, ಹುಬ್ಬಳ್ಳಿಯಲ್ಲಿ ರೈಲಿನಿಂದ ಬಸ್ಸಿಗೆ, ಕಾರವಾರದಲ್ಲಿ ಬಸ್ಸಿನಿಂದ ವಸತಿಗೃಹಕ್ಕೆ. ನಾಲ್ಕು ಕಡೆ ಹತ್ತಬೇಕು, ನಾಲ್ಕು ಕಡೆ ಇಳಿಯಬೇಕು. ಐದು ಮಂದಿಯ ಸಂಸಾರವೊಂದು ಎಂಟು ಸಾಮಾನುಗಳನ್ನು ಕೊಂಡೊಯ್ದರೆ ಎಂಟು ಸಲವೂ ಎಂಟೆಂಟನ್ನು ಎಣಿಸಬೇಕು. ಅಷ್ಟರಲ್ಲಿ ಮಗುವು ಎತ್ತಲೋ ಹೋಗಿರುತ್ತದೆ. ಅಜ್ಜಿಯು ಮೆಟ್ಟಿಲಿನ ಕೆಳಗೆಯೇ ನಿಂತಿರುತ್ತಾಳೆ.

ಏಳು ಕಿಲೋಗ್ರಾಮಿನ ಸಂಸಾರ

ರೈಲ್ವೆಯವರು ಸಾಮಾನಿನ ವಿಷಯದಲ್ಲಿ ಧಾರಾಳಿಗಳು. ಎರಡನೆಯ ದರ್ಜೆಯ ಪ್ರಯಾಣಿಕನು 35 ಕಿಲೋಗ್ರಾಂ, ಸ್ಲೀಪರಿನವನು 40 ಕಿಲೋಗ್ರಾಂ ಸಾಮಾನನ್ನು ಬೇರೆ ಹಣ ಕೊಡದೆ ಒಯ್ಯಬಹುದು. ವಿಮಾನದವರು ಜಿಪುಣರು. ನಮ್ಮ ದೇಶದೊಳಗಿನ ಹಾರಾಟದಲ್ಲಿ ಕೈಯಲ್ಲಿ ಹಿಡಿದು ಒಳಗೆ ಒಯ್ಯುವ ಚೀಲಕ್ಕೆ ಸಾಮಾನ್ಯ ದರ್ಜೆಯವರಿಗೆ ಅವರು ಬಿಡುವುದು ಬಹುತೇಕ 7 ಕಿಲೋಗ್ರಾಂ ಮಾತ್ರ. ರೈಲಿನಲ್ಲಿ ಹೋಗುವವರೂ ವಿಮಾನದವರ ಲೆಕ್ಕವನ್ನು ಇಟ್ಟುಕೊಂಡರೆ ಒಳ್ಳೆಯದು. ಕಾರಟಗಿಯಲ್ಲಿ ತೂಗಿ ನೋಡುವವರಿಲ್ಲ, ನಿಜ. ಆದರೆ ತೂಕವನ್ನು ಹೊರುವ ಭುಜವು ಎಲ್ಲಿಯೂ ಒಂದೇ.

ಹಿಂದಿನವರು ಟ್ರಂಕು, ಹೋಲ್ಡಾಲು, ನೀರಿನ ಕೂಜೆ, ಬುತ್ತಿಯ ಬುಟ್ಟಿಗಳೊಡನೆ ಹೊರಡುತ್ತಿದ್ದುದು ಅಜ್ಞಾನದಿಂದಲ್ಲ. ಆಗ ಹೋದಲ್ಲಿ ಹಾಸಿಗೆ ಸಿಕ್ಕುವ ಭರವಸೆಯಿರಲಿಲ್ಲ. ದಾರಿಯಲ್ಲಿ ಊಟದ ನಂಬಿಕೆಯಿರಲಿಲ್ಲ. ನಿಲ್ದಾಣದಲ್ಲಿ ಹಮಾಲರು ಇರುತ್ತಿದ್ದರು. ಇಂದು ಹಾಸಿಗೆಯೂ ಊಟವೂ ಹೋದಲ್ಲಿ ಸಿಕ್ಕುತ್ತವೆ. ಕಾರಣವು ಹೋಗಿದೆ, ಅಭ್ಯಾಸವು ಉಳಿದಿದೆ.

ಮೂರು ದಿನಗಳ ಕಾರವಾರಕ್ಕೆ ಒಬ್ಬರಿಗೆ ಬೇಕಾದುದು ಎಷ್ಟು? ಮೈಮೇಲೆ ಒಂದು ಜೊತೆ ಬಟ್ಟೆ, ಚೀಲದಲ್ಲಿ ಎರಡು ಜೊತೆ. ಅವು ತೆಳುವಾದ ಹತ್ತಿಯವಾಗಿರಲಿ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ನವಲಿಯ ಬಿಸಿಲಿನಲ್ಲಿ ಒಂದು ಗಳಿಗೆಯಲ್ಲಿ ಒಣಗುವ ದಪ್ಪ ಟವೆಲು ಅಲ್ಲಿ ಮರುದಿನವೂ ಹಸಿಯಾಗಿಯೇ ಇರುತ್ತದೆ. ಅದರ ಬದಲು ತೆಳುವಾದ ಪಂಚೆಯೊಂದನ್ನು ಇಟ್ಟುಕೊಂಡರೆ ಒರೆಸಲೂ ಆಯಿತು, ಹೊದೆಯಲೂ ಆಯಿತು. ರೇಷ್ಮೆಯ ಸೀರೆಯು ಉಪ್ಪುಗಾಳಿಗೂ ಮರಳಿಗೂ ಹೇಳಿದ್ದಲ್ಲ. ಅದು ಪೆಟ್ಟಿಗೆಯಲ್ಲಿಯೇ ಸುಖವಾಗಿರಲಿ. ಬಂಗಾರದ ವಿಷಯವೂ ಅಷ್ಟೆ. ಬೆಳಗಿನ ಚಳಿಗೆ ಒಂದು ಶಾಲು ಸಾಕು. ಹುಬ್ಬಳ್ಳಿಯನ್ನು ದಾಟುವ ಹೊತ್ತಿಗೆ ಅದು ಚೀಲವನ್ನು ಸೇರುತ್ತದೆ, ಘಟ್ಟ ಇಳಿದ ಮೇಲೆ ಅದರ ನೆನಪೂ ಆಗುವುದಿಲ್ಲ.

ಹಿರಿಯರ ಔಷಧಿಗಳನ್ನು ಮಾತ್ರ ಎಣಿಸಿ, ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಬೇಕು. ವೈದ್ಯರ ಚೀಟಿಯೂ ಜೊತೆಯಲ್ಲಿರಬೇಕು. ಗುರುತಿನ ಚೀಟಿ, ಚಿಕ್ಕ ಟಾರ್ಚು, ಮೊಬೈಲಿನ ಚಾರ್ಜರು, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ, ಇಡೀ ಮನೆಗೆ ಒಂದೇ ಸೋಪು, ಒಂದೇ ಎಣ್ಣೆಯ ಸೀಸೆ, ಇಷ್ಟರೊಳಗೆ ಲೆಕ್ಕ ಮುಗಿಯಿತು. ನೀರನ್ನು ಒಂದು ಬಾಟಲಿಗಿಂತ ಹೆಚ್ಚು ಹೊರಬೇಕಾದುದಿಲ್ಲ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುತ್ತದೆಂಬುದನ್ನು ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಹಿರಿಯರು ಪ್ಲಾಟ್‌ಫಾರಮ್ಮಿನಲ್ಲಿ ಕಲಿಯುತ್ತಾರೆ.

ಬುತ್ತಿಯ ವಿಷಯದಲ್ಲಿ ಈ ಸೀಮೆಯವರು ಪುಣ್ಯವಂತರು. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಂಬ ಮೂರು ಸಾಮಗ್ರಿಗಳಷ್ಟು ಹಗುರವಾದ, ಕೆಡದ, ಹೊಟ್ಟೆ ತುಂಬಿಸುವ ಪ್ರಯಾಣದ ಆಹಾರವು ಬೇರೆ ಕಡೆ ಅಪರೂಪ. ನೀರಿನಂಶವೇ ಇಲ್ಲದುದರಿಂದ ಅದಕ್ಕೆ ತೂಕವೂ ಇಲ್ಲ, ಬೂಸರದ ಭಯವೂ ಇಲ್ಲ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಸರಿ. ತೆರೆದಿಟ್ಟರೆ ಕರಾವಳಿಯ ತೇವವು ಒಂದೇ ರಾತ್ರಿಯಲ್ಲಿ ಖಡಕ್ ರೊಟ್ಟಿಯ ಖಡಕ್ಕನ್ನು ಇಳಿಸಿಬಿಡುತ್ತದೆ.

ನೀರು ತಿರುಗುವ ಜಾಗ

ಸಾಮಾನಿನ ಚಿಂತೆಯಿಲ್ಲದ ಪ್ರಯಾಣಿಕನಿಗೆ ಕಿಟಕಿಯ ಹೊರಗೆ ನೋಡುವುದಕ್ಕೆ ಬಿಡುವಿರುತ್ತದೆ. ನೋಡತಕ್ಕದ್ದೂ ಬಹಳವಿದೆ. ಗಿಣಿಗೇರಿಯವರೆಗೆ ಬಂಡೆಗುಡ್ಡಗಳು ಜೊತೆಯಲ್ಲಿ ಬರುತ್ತವೆ. ಕೊಪ್ಪಳದ ಕೋಟೆಯ ಬೆಟ್ಟ ಹಿಂದಾದ ಮೇಲೆ ನೆಲವು ಚಪ್ಪಟೆಯಾಗಿ, ಮಣ್ಣು ಕಪ್ಪಾಗಿ, ಗದಗಿನ ಎರೆಭೂಮಿ ಆರಂಭವಾಗುತ್ತದೆ. ಹುಬ್ಬಳ್ಳಿ ಧಾರವಾಡಗಳ ಸುತ್ತಿನಲ್ಲಿ ಪ್ರಕೃತಿಯ ಒಂದು ಸೋಜಿಗವುಂಟು. ಇಲ್ಲಿಯ ಏರಿನ ಒಂದು ಪಕ್ಕಕ್ಕೆ ಬಿದ್ದ ಮಳೆಯು ಮೂಡಣ ಕಡಲಿಗೂ, ಇನ್ನೊಂದು ಪಕ್ಕಕ್ಕೆ ಬಿದ್ದುದು ಪಡುವಣ ಕಡಲಿಗೂ ಹರಿಯುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ದಕ್ಷಿಣದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ನವಲಿಯವರು ಹುಟ್ಟಿದಾರಭ್ಯ ಮೂಡಲಿಗೆ ಹರಿಯುವ ನೀರನ್ನೇ ಕಂಡವರು. ಇಲ್ಲಿಂದ ಮುಂದೆ ನೀರೂ ಅವರ ಜೊತೆಯಲ್ಲಿ ಪಡುವಣಕ್ಕೆ ಪ್ರಯಾಣ ಮಾಡುತ್ತದೆ.

ಕಲಘಟಗಿ ದಾಟಿ ಯಲ್ಲಾಪುರ ಸಮೀಪಿಸಿದಂತೆ ಕಾಡು ದಟ್ಟವಾಗುತ್ತದೆ. ಅರೆಬೈಲು ಘಟ್ಟದ ತಿರುವುಗಳಲ್ಲಿ ಬಸ್ಸು ತೂಗಾಡುವಾಗ, ಕಾಲಡಿಯಲ್ಲಿಯೂ ತಲೆಯ ಮೇಲೆಯೂ ಪೆಟ್ಟಿಗೆಗಳನ್ನು ಪೇರಿಸಿಕೊಂಡವರ ಕಷ್ಟವನ್ನು ನೋಡಬೇಕು. ಚಿಕ್ಕ ಚೀಲವಾದರೆ ತೊಡೆಯ ಮೇಲೆಯೇ ಕುಳಿತಿರುತ್ತದೆ. ಘಟ್ಟ ಇಳಿದೊಡನೆ ಗಾಳಿಯ ಗುಣವೇ ಬೇರೆ. ಕೊಪ್ಪಳದ ಕಡೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯಾದರೆ ಕಾರವಾರದಲ್ಲಿ ಅದರ ಐದು ಪಟ್ಟಿನಷ್ಟು ಸುರಿಯುತ್ತದೆ. ಆದುದರಿಂದ ಈ ಪ್ರವಾಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳೇ ಪ್ರಶಸ್ತ. ಮಳೆಗಾಲದ ಘಟ್ಟ ಮತ್ತು ಕಡಲುಗಳೆರಡೂ ಒರಟು. 2024ರ ಜುಲೈ 16ರಂದು ಅಂಕೋಲೆಗೆ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಜೀವಹಾನಿಯಾದುದನ್ನು ನಾಡು ಮರೆತಿಲ್ಲ.

ಕಡಲ ದಂಡೆಯಲ್ಲಿ

ಕಾರವಾರದಲ್ಲಿ ಬಸ್ ನಿಲ್ದಾಣದಿಂದ ಕಡಲ ದಂಡೆಗೆ ನಡೆದೇ ಹೋಗಬಹುದು. ಸಾಮಾನು ಹೊತ್ತವನು ಮೊದಲು ವಸತಿಯನ್ನು ಹುಡುಕಬೇಕು. ಕೈಚೀಲದವನು ಮೊದಲು ಕಡಲನ್ನು ನೋಡಬಹುದು. ಸಂಜೆಯ ಹೊತ್ತಿಗೆ ತಲಪಿದರೆ ಈ ಅಂತರಕ್ಕೆ ಬೆಲೆಯುಂಟು. ನವಲಿಯಲ್ಲಿ ಸೂರ್ಯನು ಬಂಡೆಗುಡ್ಡದ ಹಿಂದೆ ಮುಳುಗುತ್ತಾನೆ. ಇಲ್ಲಿ ನೀರಿನಲ್ಲಿ ಮುಳುಗುತ್ತಾನೆ. ಅದನ್ನು ಎಪ್ಪತ್ತು ವರ್ಷಗಳ ತರುವಾಯ ಮೊದಲ ಸಲ ನೋಡುವವರಿಗೆ ಒಂದು ಸಂಜೆ ತಪ್ಪಿದರೂ ನಷ್ಟವೇ.

ಈ ದಂಡೆಗೆ ಕವಿ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಇಪ್ಪತ್ತೆರಡರ ತರುಣರಾಗಿದ್ದ ಕವಿಗಳು ಬಂದು ತಂಗಿದ್ದರು. ಬೆಳದಿಂಗಳ ರಾತ್ರಿಯೊಂದರಲ್ಲಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಬರುವಾಗ ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ‘ಪ್ರಕೃತಿಯ ಪ್ರತೀಕಾರ’ ಎಂಬರ್ಥದ ಹೆಸರುಳ್ಳ ಅವರ ನಾಟಕವು ಈ ಊರಿನಲ್ಲಿಯೇ ಬರೆದದ್ದು.

ನೋಡುವ ಸ್ಥಳಗಳಿಗೆ ಕೊರತೆಯಿಲ್ಲ. ಕಾಳಿಯ ಆಚೆಯ ದಡದಲ್ಲಿ ಸದಾಶಿವಗಡ. ಸೋದೆಯ ಅರಸನೊಬ್ಬನು ತನ್ನ ತಂದೆಯ ಹೆಸರನ್ನಿಟ್ಟು ಕಟ್ಟಿಸಿದ ಕೋಟೆಯದು. ಕಾಳಿಗೆ ಅಡ್ಡಲಾಗಿದ್ದ ಹಳೆಯ ಸೇತುವೆಯು 2024ರ ಆಗಸ್ಟ್ 7ರಂದು ಕುಸಿದುಬಿದ್ದಿತು. ಪಕ್ಕದ ಹೊಸ ಸೇತುವೆಯು ಜನರನ್ನು ದಾಟಿಸುತ್ತಿದೆ. ಕಡಲ ನಡುವಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹನ ಗುಡಿಯಿದೆ. ಜಾತ್ರೆಯ ದಿನ ಭಕ್ತರು ದೋಣಿಗಳಲ್ಲಿ ಹೋಗುತ್ತಾರೆ. ದಂಡೆಯ ಮೇಲೆ ಸೇವೆಯಿಂದ ನಿವೃತ್ತವಾದ ‘ಚಪಲ’ ಎಂಬ ಯುದ್ಧನೌಕೆಯನ್ನು ಮಕ್ಕಳಿಗಾಗಿ ನಿಲ್ಲಿಸಿದ್ದಾರೆ.

ಹಿರಿಯರೊಡನೆ ಹೋದವರು ಒಂದೆರಡು ವಿಷಯಗಳನ್ನು ತಿಳಿದಿರಬೇಕು. ಒಣ ಮರಳಿನಲ್ಲಿ ಕಾಲು ಹೂಳುತ್ತದೆ, ಮೊಣಕಾಲು ನೋಯುತ್ತದೆ. ಅಲೆಯು ಬಂದು ಹೋದ ಒದ್ದೆಯ ಮರಳು ಗಟ್ಟಿ. ಅಲ್ಲಿಯ ನಡಿಗೆ ಸುಲಭ. ಆದರೆ ಒಣಗಿದ ಮರಳನ್ನು ದಾಟಿ ಅಲ್ಲಿಯವರೆಗೆ ಹೋಗುವ ನೂರು ಹೆಜ್ಜೆಗೆ ಒಂದು ಆಸರೆ ಬೇಕು. ನಿಂತ ಕಾಲಿನಡಿಯಿಂದ ಹಿಂದಿರುಗುವ ಅಲೆಯು ಮರಳನ್ನು ಸೆಳೆದುಕೊಳ್ಳುವಾಗ ಮೊದಲ ಸಲ ನಿಂತವರಿಗೆ ನೆಲವೇ ಜಾರಿದಂತಾಗಿ ತಲೆ ತಿರುಗುತ್ತದೆ. ಆಗ ಪಕ್ಕದಲ್ಲಿ ಒಂದು ಕೈ ಇರಬೇಕು. ಆ ಕೈಯಲ್ಲಿ ಪೆಟ್ಟಿಗೆಯಿರಬಾರದು. ಕಣ್ಣಿಗೆ ಕನಕಗಿರಿ, ಕಾಲಿಗೆ ಹಂಪಿ ಎಂದ ಹಾಗೆ, ಕಡಲು ಕೈ ಬಿಡುವಾಗಿದ್ದವರಿಗೆ.

ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ ಬರುವುದರಿಂದ ಚೀಲವನ್ನೂ ಚಪ್ಪಲಿಯನ್ನೂ ನೀರಿನಂಚಿನಲ್ಲಿ ಬಿಟ್ಟು ಹೋಗಬಾರದು. ಈಜು ಬಂದರೂ ಬಾರದಿದ್ದರೂ ಮೊಣಕಾಲಿನ ನೀರೇ ಮೇರೆಯಾಗಿರಲಿ. ಮೀನುಗಾರರು ಬೇಡವೆಂದ ಕಡೆ ಇಳಿಯಬಾರದು. ಅವರ ಮಾತಿಗಿಂತ ದೊಡ್ಡ ಪ್ರಮಾಣವಿಲ್ಲ.

ಬೇರೆ ಗಂಟುಗಳು

ಅಂಕೋಲೆಯಿಂದ ಕಾರವಾರಕ್ಕೆ ಬರುವಾಗ ಹೆದ್ದಾರಿಯ ಪಕ್ಕದಲ್ಲಿ ಉದ್ದಕ್ಕೂ ನೌಕಾಪಡೆಯ ಆವರಣ ಕಾಣುತ್ತದೆ. ‘ಸೀಬರ್ಡ್’ ಎಂಬ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ, ‘ಕದಂಬ’ ನೆಲೆಯು 2005ರಲ್ಲಿ ಆರಂಭವಾಯಿತು. ದೇಶದ ರಕ್ಷಣೆಗೆ ಅದು ಬೇಕಾದುದೇ. ಆದರೆ ಅದಕ್ಕಾಗಿ ಕಡಲಂಚಿನ ಹಳ್ಳಿಗಳ ಸಾವಿರಾರು ಸಂಸಾರಗಳು ಮನೆ, ತೆಂಗು, ದೋಣಿ ಕಟ್ಟುವ ದಡಗಳನ್ನು ಬಿಟ್ಟು ಎದ್ದವು. ನವಲಿಯಿಂದ ಬಂದವರು ಈ ಮಾತನ್ನು ಕೇಳಿ ಸುಮ್ಮನೆ ಮುಂದೆ ಹೋಗಲಾರರು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದ್ದವು. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯವು ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. ಆ ಕೊರತೆಯನ್ನು ತುಂಬಲು ಇನ್ನೊಂದು ಜಲಾಶಯವನ್ನು ಕಟ್ಟಬೇಕೆಂಬ ಪ್ರಸ್ತಾಪದಲ್ಲಿ ಹೇಳಲಾಗುತ್ತಿರುವ ಸ್ಥಳವೇ ನವಲಿ. ಅದಕ್ಕೆ ನೆರೆಯ ರಾಜ್ಯಗಳ ಒಪ್ಪಿಗೆಯೂ ಬೇಕಾಗಿದೆ. ಗದ್ದೆಗಳಿಗೆ ನೀರು ಬೇಕೆನ್ನುವವರೂ, ತಮ್ಮ ಹೊಲ ಉಳಿಯಬೇಕೆನ್ನುವವರೂ ಒಂದೇ ಸೀಮೆಯವರು.

ಇನ್ನು ಕುಷ್ಟಗಿ, ಯಲಬುರ್ಗಿಗಳ ಒಣ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವವರಿದ್ದಾರೆ. ಇದೇ ರೈಲು, ಇದೇ ಬಸ್ಸುಗಳಲ್ಲಿ ಅವರು ಗೋವೆಗೂ ಮಂಗಳೂರಿಗೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅವರ ಗಂಟಿನಲ್ಲಿ ಪಾತ್ರೆ, ಹಿಟ್ಟು, ಹಾಸಿಗೆ ಎಲ್ಲವೂ ಇರುತ್ತದೆ. ಏಕೆಂದರೆ ಅದು ಪ್ರವಾಸದ ಚೀಲವಲ್ಲ, ಮನೆ. ಹೆಚ್ಚಿನ ಸಾಮಾನನ್ನು ಬಿಟ್ಟು ಹೊರಡುವುದು, ಮರಳಿ ಬರಲು ಮನೆಯಿದ್ದವರಿಗೆ ಮಾತ್ರ ಸಾಧ್ಯವಾದ ಭಾಗ್ಯ. ಡಬ್ಬಿಯಲ್ಲಿ ಅಂಥ ಗಂಟೊಂದಕ್ಕೆ ಜಾಗ ಬೇಕಾದಾಗ ಕೈಚೀಲದವರು ತಮ್ಮ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡರೆ ಅದು ಉಪಕಾರವಲ್ಲ, ಮರ್ಯಾದೆ.

ಮರಳುವಾಗ

ಹೋಗುವಾಗ ಚೀಲದ ಕಾಲುಭಾಗವನ್ನು ಖಾಲಿ ಬಿಟ್ಟಿರಬೇಕೆಂಬುದು ಅನುಭವಸ್ಥರ ಮಾತು. ಕಾರವಾರದ ಪೇಟೆಯಲ್ಲಿ ಗೇರುಬೀಜವಿದೆ, ಕೋಕಂ ಇದೆ, ಮೀನು ತಿನ್ನುವವರಿಗೆ ಒಣಮೀನು ಇದೆ. ಒಣಮೀನನ್ನು ಎಷ್ಟು ಸುತ್ತಿಟ್ಟರೂ ಇಡೀ ಡಬ್ಬಿಗೆ ಅದರ ಸುದ್ದಿ ತಿಳಿಯುತ್ತದೆ ಎಂಬುದನ್ನು ನೆನಪಿಡಬೇಕು. ಮಕ್ಕಳು ಕಪ್ಪೆಚಿಪ್ಪು ಆರಿಸಿದರೆ, ಒಳಗೆ ಜೀವವಿಲ್ಲವೆಂದು ನೋಡಿಕೊಂಡು, ಒಂದು ಹಿಡಿ ತರಲು ಬಿಡಬಹುದು.

ಮನೆಗೆ ಬಂದು ಚೀಲವನ್ನು ಕೊಡವುವಾಗ ಒಂದು ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. ಒಯ್ದ ವಸ್ತುಗಳಲ್ಲಿ ಉಪಯೋಗಕ್ಕೆ ಬಾರದುದು ಯಾವುದು? ಮುಂದಿನ ಸಲ ಅದನ್ನು ಬಿಡಬೇಕು. ಬಿಟ್ಟು ಹೋದವುಗಳಲ್ಲಿ ನಿಜವಾಗಿ ಬೇಕಾಗಿದ್ದುದು ಯಾವುದು? ಮೊದಲ ಪಟ್ಟಿ ಉದ್ದವಾಗಿರುತ್ತದೆ. ಎರಡನೆಯದು ಒಂದೆರಡು ಸಾಲಿಗೆ ಮುಗಿಯುತ್ತದೆ. ಹಾಗೆ ಎರಡು ಮೂರು ಪ್ರವಾಸಗಳಾದ ಮೇಲೆ ಚೀಲವು ತಾನಾಗಿಯೇ ಹದಕ್ಕೆ ಬರುತ್ತದೆ. ಆದರೆ ಹಿರಿಯರ ಮಟ್ಟಿಗೆ ಎರಡು ಮೂರು ಪ್ರವಾಸಗಳನ್ನು ಕಾದು ಕೂಡುವಂತಿಲ್ಲ. ಮಂಡಿಯಲ್ಲಿ ಶಕ್ತಿಯಿರುವಾಗಲೇ, ಕಣ್ಣಿನಲ್ಲಿ ಬೆಳಕಿರುವಾಗಲೇ ಹೊರಡಬೇಕು. ಈ ವರ್ಷದ ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಒಂದು ವಾರದ ಬಿಡುವು ಎಲ್ಲ ಮನೆಯಲ್ಲಿಯೂ ಸಿಕ್ಕುತ್ತದೆ.